ಪ್ರತಿ ಸೋಮವಾರ 40 ಹರ್ಟ್ಸ್

ಕಾರಟಗಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ನಾನು ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ಬಾಯ್ಲರಿನ ಹೊಗೆ ಹೊರಗೆ ಎಳೆಯುವ ಐಡಿ ಫ್ಯಾನಿಗೆ 37 ಕಿಲೋವ್ಯಾಟ್ ಮೋಟರ್. ಒಂದೇ ಸ್ಪೀಡಿನಲ್ಲಿ ಓಡಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಇದ್ದಾಗ ವರ್ಷಗಟ್ಟಲೆ ತಕರಾರಿಲ್ಲದೆ ಓಡಿತ್ತು. ಕರೆಂಟ್ ಬಿಲ್ ಜಾಸ್ತಿ ಬರುತ್ತಿದೆ ಎಂದು, ಹರ್ಟ್ಸ್ ಬದಲಿಸಿ ಮೋಟರಿನ ಸ್ಪೀಡ್ ಏರಿಳಿಸುವ ಡ್ರೈವ್, ಅಂದರೆ ವಿಎಫ್‌ಡಿ ಹಾಕಿದೆವು. ಬಿಲ್ಲೇನೋ ಇಳಿಯಿತು, ಏಳೇ ತಿಂಗಳಿಗೆ ಬೇರಿಂಗ್ ಹೋಯಿತು.

ಹೊಸ ಬೇರಿಂಗ್ ಕೂರಿಸಿ, ಈ ಸಲ ಮುಂಚೆಯೇ ಹಿಡಿಯೋಣ ಎಂದು ವೈಬ್ರೇಶನ್ ಮೀಟರ್ ತಂದೆ. ಒಂದು ದಿನ ಸೆಕೆಂಡಿಗೆ 1.6 ಮಿಲಿಮೀಟರ್, ಮರುದಿನ 2.9, ಮತ್ತೆ 1.8. ತಲೆ ಕೆಟ್ಟಿತು. ಬಾಯ್ಲರಿನಲ್ಲಿ ಉರಿಸುವ ಹೊಟ್ಟು ಒಣಗಿದ್ದರೆ ಫ್ಯಾನ್ 32 ಹರ್ಟ್ಸಿನಲ್ಲಿ ಓಡುತ್ತದೆ, ಹಸಿಯಿದ್ದರೆ 46ಕ್ಕೆ ಏರುತ್ತದೆ. ಸ್ಪೀಡ್ ಬದಲಾದರೆ ರೀಡಿಂಗೂ ಬದಲಾಗುತ್ತದೆ ಅಲ್ವಾ? ನಾನು ಸುಮ್ನೆ ಬರೆದುಕೊಳ್ಳುತ್ತಿದ್ದೆ.

ಆಮೇಲೆ ಬಾಯ್ಲರ್ ಆಪರೇಟರನ್ನು ಒಪ್ಪಿಸಿದೆ. ಸೋಮವಾರ ಬೆಳಿಗ್ಗೆ ಡ್ರೈವ್ ಮ್ಯಾನ್ಯುಯಲ್‌ಗೆ ಹಾಕಿ, 40 ಹರ್ಟ್ಸಿನಲ್ಲಿ ಹತ್ತು ನಿಮಿಷ. ಮೋಟರ್ ಮೇಲೆ ಪಂಚ್ ಹೊಡೆದು ಗುರುತು ಮಾಡಿದ ಜಾಗದಲ್ಲೇ ಮೀಟರ್ ಇಡುವುದು, ಡ್ರೈವ್ ತೋರಿಸುವ ಆಂಪ್ಸ್ ಬರೆಯುವುದು. ಎರಡು ತಿಂಗಳು 1.7ರ ಆಸುಪಾಸು. ಆಮೇಲೆ 2.1, 2.6. ಆಂಪ್ಸ್ ಅಷ್ಟೇ ಇತ್ತು, ಅಂದರೆ ಲೋಡ್ ಬದಲಾಗಿರಲಿಲ್ಲ.

"ಗ್ರೀಸ್ ಹೊಡದ್ರ ಆತು ಬಿಡ್ರಿ ಸರ" ಅಂದ ಫಿಟ್ಟರ್. ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಹಾಕಿದೆವು, ವೈಂಡಿಂಗ್ ಚೆನ್ನಾಗಿತ್ತು. (ಡ್ರೈವಿನ ಕೇಬಲ್ ಬಿಚ್ಚಿಯೇ ಮೆಗ್ಗರ್ ಹಾಕಿ. ಇಲ್ಲದಿದ್ದರೆ ಡ್ರೈವ್ ಸುಟ್ಟುಕೊಳ್ಳುತ್ತೀರಿ.) ಕಂಪನ ಯಾವ ಯಾವ ಹರ್ಟ್ಸಿನಲ್ಲಿದೆ ಎಂದು ಗೆರೆಗಳಲ್ಲಿ ತೋರಿಸುವ ಅನಲೈಸರ್ ಬಾಡಿಗೆಗೆ ತರಿಸಿದೆ. 40 ಹರ್ಟ್ಸಿನಲ್ಲಿ ಶಾಫ್ಟ್ ಸೆಕೆಂಡಿಗೆ ಸುಮಾರು 20 ಸುತ್ತು. ಬೇರಿಂಗಿನ ಹೊರ ರೇಸಿಗೆ (ಗುಂಡುಗಳು ಓಡುವ ಹೊರಗಿನ ಬಳೆಗೆ) ಗಾಯವಾಗಿದ್ದರೆ, ಆ ಬೇರಿಂಗಿನಲ್ಲಿ ಸುತ್ತಿಗೆ ಮೂರು ಚಿಲ್ಲರೆ ಸಲ ಗುಂಡು ಅದನ್ನು ಹಾಯುತ್ತದೆ. ಅಂದರೆ ಸೆಕೆಂಡಿಗೆ 60 ಚಿಲ್ಲರೆ ಸಲ. ಸರಿಯಾಗಿ 61 ಹರ್ಟ್ಸಿನಲ್ಲಿ ಗೆರೆ ಎದ್ದಿತ್ತು. ಡ್ರೈವನ್ನು 35 ಹರ್ಟ್ಸಿಗೆ ಇಳಿಸಿದೆ. ಗೆರೆಯೂ 53ಕ್ಕೆ ಸರಿಯಿತು. ಇನ್ನೇನು ಅನುಮಾನ?

ಭಾನುವಾರ ಬಿಚ್ಚಿದೆವು. ಗ್ರೀಸ್ ಇದ್ದಿಲಿನ ಹಾಗೆ ಕಪ್ಪು. ಹೊರ ರೇಸನ್ನು ಗ್ರೈಂಡರಿನಲ್ಲಿ ಸೀಳಿ ನೋಡಿದರೆ, ಗುಂಡು ಓಡುವ ದಾರಿಯುದ್ದಕ್ಕೂ ತಗಡಿನ ಶೀಟಿನಂತೆ ಅಡ್ಡಗೆರೆ. ಉಗುರು ಆಡಿಸಿದರೆ ಗರಗರ. ಡ್ರೈವಿನ ಸ್ವಿಚಿಂಗಿನಿಂದ ಶಾಫ್ಟಿನಲ್ಲಿ ವೋಲ್ಟೇಜ್ ಹುಟ್ಟಿ, ಗ್ರೀಸಿನ ತೆಳು ಪದರ ದಾಟಿ ಕಿಡಿ ಹಾರುತ್ತದೆ. ಆ ಕಿಡಿಗಳೇ ರೇಸನ್ನು ತಿಂದದ್ದು. ಮೊದಲ ಬೇರಿಂಗ್ ಗುಜರಿಗೆ ಹೋಗಿತ್ತು, ಅದನ್ನು ಸೀಳಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಹೊಸ ಬೇರಿಂಗ್ ಕೂರಿಸಿದೆವು. ಶಾಫ್ಟಿನ ವೋಲ್ಟೇಜನ್ನು ಸಣ್ಣ ಎಳೆಗಳ ಮೂಲಕ ಅರ್ಥಿಗೆ ಇಳಿಸುವ ಅರ್ಥಿಂಗ್ ರಿಂಗ್ ಹಾಕಿದೆವು, ಶೀಲ್ಡ್ ಇರುವ ಕೇಬಲ್ ಎಳೆದೆವು. ಈ ಬೇರಿಂಗಿಗೆ ಈಗ ಎರಡನೇ ವರ್ಷ, ಸೋಮವಾರದ ರೀಡಿಂಗ್ 1.7 ದಾಟಿಲ್ಲ. ರಿಂಗಿನ ಎಳೆಗಳ ಮೇಲೆ ಮಾತ್ರ ಹೊಟ್ಟಿನ ಧೂಳು ಕೂರುತ್ತದೆ. ಮೂರು ತಿಂಗಳಿಗೊಮ್ಮೆ ಮಷಿನ್ ನಿಲ್ಲಿಸಿ ಒರೆಸುತ್ತೇನೆ. ರಿಂಗ್ ಮಾರಿದವರು ಇದೊಂದನ್ನು ಹೇಳಿರಲಿಲ್ಲ.