ಸ್ಪೋರ್ಟ್ಸ್ ಟೈರ್: ಒಳ ಅಂಚು ಮೊದಲು ನೋಡಿ
ಮೆದು ರಬ್ಬರಿನ ಪರ್ಫಾರ್ಮೆನ್ಸ್ ಟೈರ್‌ನಿಂದ 50,000 ಕಿ.ಮೀ. ನಿರೀಕ್ಷಿಸಬೇಡಿ, 25,000 ಬಂದರೆ ಚೆನ್ನಾಗಿಯೇ ಬಾಳಿತು ಅನ್ನಿ. ಮೇಲ್ನೋಟಕ್ಕೆ ಸರಿ ಕಂಡರೂ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನ ಟೈರ್‌ಗಳ ಒಳ ಅಂಚು ನೋಡಿ. ಹಿಂದಿನವನ್ನು ನೋಡಲು ಕಾರು ಎತ್ತುವ ಲಿಫ್ಟ್ ಬೇಕು. ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಇರುವ ಕಾರಲ್ಲಿ ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಸ್ವಲ್ಪ ತಪ್ಪಿದರೂ ಒಳ ಅಂಚು ತಂತಿ ಕಾಣುವಷ್ಟು ಸವೆದಿರಬಹುದು.

ಟೈರ್‌ನ ಗೀರುಗಳ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಇರಬಹುದು, ಆದರೆ ನಮ್ಮ ಮಳೆಗೆ ದಯವಿಟ್ಟು 3 ಮಿ.ಮೀ.ಗೇ ಬದಲಿಸಿ. ಗಾಡಿ ಅದಕ್ಕಿಂತ ಸವೆದ ಟೈರ್‌ನಲ್ಲಿ ನೀರಿನ ಮೇಲೆ ಬೇಗ ತೇಲಿ ಹಿಡಿತ ಕಳೆದುಕೊಳ್ಳುತ್ತದೆ.

ಕೊಳ್ಳುವಾಗ ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ, ತಯಾರಾದ ದಿನ ಹೇಳುವ ನಾಲ್ಕಂಕಿ ಓದಿ: 2324 ಅಂದರೆ 2024ರ 23ನೇ ವಾರ. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರ), ಸ್ಪೀಡ್ ರೇಟಿಂಗ್ (ತಡೆಯಬಲ್ಲ ವೇಗ) ಕಾರು ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಬೇಡ. ಒಂದೇ ಆಕ್ಸಲ್‌ಗೆ ಬೇರೆ ಬೇರೆ ಮಾದರಿ ಹಾಕಿಸಬೇಡಿ. ಹಾಕಿಸಿದ ದಿನವೇ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ.