ಹೊಸ ಪಿಸಿಯಲ್ಲಿ ಹಳೇ ಹಾರ್ಡ್ ಡಿಸ್ಕ್ ಉಳಿಸಿಕೊಂಡ ಬಗೆ

ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್ಕು, ಸಹಕಾರ ಸಂಘಗಳ ವಾರ್ಷಿಕ ವರದಿ, ಇಂಥವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ನನ್ನ ಹಳೇ ಮಷಿನ್‌ನಲ್ಲಿದ್ದದ್ದು 4ನೇ ಜನರೇಷನ್ನಿನ ಐ3 ಪ್ರೊಸೆಸರ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದೇ ಬೇಕು. ಹಾಗಾಗಿ ಹೊಸದೊಂದನ್ನು ಅಸೆಂಬಲ್ ಮಾಡಲು ಕೂತೆ. ಹಳೇದರಿಂದ ಉಳಿಸಿಕೊಂಡದ್ದು 1 ಟಿಬಿ ಹಾರ್ಡ್ ಡಿಸ್ಕ್ ಮಾತ್ರ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಪಾರ್ಟ್ಸ್ ಕೊಳ್ಳುವಾಗ ಅಂಗಡಿ ಹುಡುಗ, "ಅದನ್ಯಾಕೆ ಇಟ್ಕೊಳ್ತೀರಾ ಸಾರ್, ಎಸೆದ್ಬಿಡಿ" ಅಂದ. ಎಸೆಯಲು ನನಗೆ ಮನಸ್ಸಿರಲಿಲ್ಲ. ಹಾಗಂತ ಅದನ್ನೇ ನಂಬಿ ಕೂರುವ ಧೈರ್ಯವೂ ಇರಲಿಲ್ಲ.

ಮೊದಲು ನೋಡಿದ್ದು ಡಿಸ್ಕ್‌ನ ಆರೋಗ್ಯ. ಹಳೇ ಮಷಿನ್ ಬಿಚ್ಚುವ ಮುಂಚೆಯೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದೆ. ಅದು ಪುಕ್ಕಟೆ ಸಿಗುವ ಪ್ರೋಗ್ರಾಂ. ಅದರಲ್ಲಿ ದೊಡ್ಡದಾಗಿ "ಗುಡ್" ಅಂತ ಬರುತ್ತದೆ, ಸುಮ್ನೆ ಅದನ್ನೇ ನೋಡಿ ಮುಚ್ಚಬೇಡಿ. ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳಿವೆ. 05 ಅಂದರೆ ಕೆಟ್ಟುಹೋಗಿ ಬದಲಿ ಜಾಗ ಪಡೆದ ಸೆಕ್ಟರ್‌ಗಳು (ಡಿಸ್ಕ್ ಮೇಲಿನ ಸಣ್ಣ ಸಣ್ಣ ತುಂಡು ಜಾಗಗಳು). ಸಿ5 ಅಂದರೆ ಓದಲು ತೊಡಕಾಗಿ ಇನ್ನೂ ಬಾಕಿ ಉಳಿದವು. ಸಿ6 ಅಂದರೆ ಸರಿಪಡಿಸಲಾಗದವು. ಬಲತುದಿಯ ರಾ ವ್ಯಾಲ್ಯೂ ಈ ಮೂರಕ್ಕೂ ಸೊನ್ನೆ ಇರಬೇಕು. ಸಿ5 ದಿನದಿನಕ್ಕೆ ಏರುತ್ತಿದ್ದರೆ ಇದ್ದಬದ್ದದ್ದನ್ನು ಕಾಪಿ ಮಾಡಿಕೊಂಡು ಆ ಡಿಸ್ಕ್‌ಗೆ ಕೈಮುಗಿಯಿರಿ. ನನ್ನದರಲ್ಲಿ ಮೂರೂ ಸೊನ್ನೆ ಇದ್ದವು, ಸಿ7 (ಡೇಟಾ ಸಾಗಿಸುವಾಗಿನ ತಪ್ಪುಗಳ ಎಣಿಕೆ) ಮಾತ್ರ ಸೊನ್ನೆ ಇರಲಿಲ್ಲ. ಅದು ಹೆಚ್ಚಾಗಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನ ಕಾಯಿಲೆ, ಡಿಸ್ಕ್‌ನದ್ದಲ್ಲ. ಕೇಬಲ್ ಬದಲಿಸಿದ ಮೇಲೂ ಆ ಅಂಕಿ ಕಡಿಮೆಯಾಗುವುದಿಲ್ಲ. ಏರುವುದು ನಿಂತರೆ ಸಾಕು. ನಿಂತಿತು.

ಆಮೇಲೆ ಫೈಲ್‌ಗಳನ್ನೆಲ್ಲ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿದೆ. ಸ್ಕ್ರೂ ಬಿಚ್ಚಿದ್ದು ಅದಾದ ನಂತರವೇ.

ಹಳೇ ವಿಂಡೋಸ್ ಸಮೇತ ಡಿಸ್ಕನ್ನು ಹೊಸ ಬೋರ್ಡಿಗೆ ಚುಚ್ಚಿ ಅದರಿಂದಲೇ ಬೂಟ್ ಮಾಡಿದರಾಯಿತು ಅನ್ನುವವರಿದ್ದಾರೆ. ನಾನು ಆ ಗೋಜಿಗೆ ಹೋಗಲಿಲ್ಲ. ಹಳೇ ಡಿಸ್ಕ್‌ನ ಪಾರ್ಟಿಷನ್ ಪಟ್ಟಿ ಎಂಬಿಆರ್ ಎಂಬ ಹಳೇ ಪದ್ಧತಿಯದು, ವಿಂಡೋಸ್ 11ಕ್ಕೆ ಬೇಕಾದದ್ದು ಯುಇಎಫ್‌ಐ (ಮಷಿನ್ ಎಬ್ಬಿಸುವ ಹೊಸ ಬಗೆಯ ಫರ್ಮ್‌ವೇರ್) ಮತ್ತು ಜಿಪಿಟಿ (ಹೊಸ ಪಾರ್ಟಿಷನ್ ಪದ್ಧತಿ). ಬೋರ್ಡ್ ಬದಲಾದರೆ ಒಇಎಂ, ಅಂದರೆ ಮಷಿನ್ ಜೊತೆಗೇ ಬಂದ ವಿಂಡೋಸ್ ಲೈಸೆನ್ಸೂ ಜೊತೆಗೆ ಬರುವುದಿಲ್ಲ. ಅದಕ್ಕಿಂತ ಜಾಸ್ತಿ ಕಾಡುವುದು ವೇಗ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡ್‌ಗೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಬೇಕಾದ ಸೆಕ್ಟರ್ ಓದುವ ಹೆಡ್‌ನ ಕೆಳಗೆ ಬರುವ ತನಕ ಕಾಯಲೇಬೇಕು. ದೊಡ್ಡ ಫೈಲ್ ಒಂದೇ ಸಮನೆ ಓದುವಾಗ ಇದು ಗೊತ್ತಾಗುವುದಿಲ್ಲ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲ್ ಕೇಳುತ್ತದಲ್ಲ, ಅಲ್ಲಿ ಗೊತ್ತಾಗುತ್ತದೆ. ಅದಕ್ಕೇ ಸಿ ಡ್ರೈವ್‌ಗೆ ಒಂದು ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ತಟ್ಟೆಯೇ ಇಲ್ಲದ, ವೇಗದ ಚಿಪ್ ಡ್ರೈವ್) ಕೊಂಡೆ. ಹಳೇದಕ್ಕೆ ದಾಸ್ತಾನು ಕೋಣೆಯ ಕೆಲಸ.

ವಿಂಡೋಸ್ ಹಾಕುವಾಗ ಹಳೇ ಡಿಸ್ಕ್‌ನ ಕೇಬಲ್ ಚುಚ್ಚಲೇ ಇಲ್ಲ. ಇದೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಎರಡೂ ಡಿಸ್ಕ್ ಇದ್ದರೆ ವಿಂಡೋಸ್ ಸೆಟಪ್ ತನ್ನ ಬೂಟ್ ಫೈಲ್‌ಗಳನ್ನು ಹಳೇದರ ಮೇಲೆ ಇಟ್ಟುಬಿಡುವುದುಂಟು. ಎಲ್ಲ ಚೆನ್ನಾಗಿಯೇ ನಡೆಯುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಮುಂದೊಂದು ದಿನ ಹಳೇ ಡಿಸ್ಕ್ ಕೆಟ್ಟರೆ ಎಸ್‌ಎಸ್‌ಡಿ ಸರಿಯಿದ್ದೂ ಮಷಿನ್ ಏಳುವುದಿಲ್ಲ. ಜೊತೆಗೆ, ಪಾರ್ಟಿಷನ್ ಪಟ್ಟಿಯಲ್ಲಿ ಒಂದೇ ಡಿಸ್ಕ್ ಕಾಣುತ್ತಿದ್ದರೆ ತಪ್ಪಾದದ್ದನ್ನು ಅಳಿಸುವ ಭಯವೂ ಇಲ್ಲ ಅಲ್ವಾ?

ಜೋಡಿಸುವಾಗ ಎರಡು ಕಡೆ ಜಾಗ್ರತೆ ಬೇಕಾಯಿತು. ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಒಂದೋ ಎರಡೋ ಸಾಟಾ ಪೋರ್ಟ್ ಬಂದ್ ಆಗುತ್ತವೆ. ಯಾವುವು ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ. ಇನ್ನೊಂದು ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಡಬ್ಬಿಯ ಕೇಬಲ್. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ಇದ್ದರೆ ಅದರ ಡಬ್ಬಿಯಲ್ಲಿ ಬಂದ ಪವರ್ ಕೇಬಲ್ಲನ್ನೇ ಬಳಸಿ. ಡಿಸ್ಕ್ ಕಡೆಯ ಪಿನ್‌ಗಳು ಎಲ್ಲದರಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯವು ಕಂಪನಿಯಿಂದ ಕಂಪನಿಗೆ ಬೇರೆ. ಬೇರೆಯದು ಚುಚ್ಚಿದರೆ 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಬಂದು ಡಿಸ್ಕ್ ಸುಟ್ಟು ಹೋಗಬಹುದು.

ಹೊಸ ವಿಂಡೋಸ್ ಬಂದ ಮೇಲೆ ಹಳೇ ಡಿಸ್ಕ್ ಚುಚ್ಚಿದೆ. ಹಳೇ ಯೂಸರ್ ಫೋಲ್ಡರ್ ತೆರೆಯಲು ಹೋದರೆ ನಿಮಗೆ ಪರ್ಮಿಷನ್ ಇಲ್ಲ ಅಂದಿತು. ಕಂಟಿನ್ಯೂ ಒತ್ತಿದರೆ ಬಿಡುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೆ. ಕಾಪಿ ಮಾಡಿಕೊಂಡದ್ದೆಲ್ಲ ತೆರೆಯುತ್ತದೆ ಅಂತ ಖಾತ್ರಿ ಆದ ಮೇಲೆ ಹಳೇ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ, ಜಿಪಿಟಿ ಮಾಡಿ, ಕ್ವಿಕ್ ಫಾರ್ಮ್ಯಾಟ್ ಎದುರಿನ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟೆ. ಇದು ಡಿಸ್ಕ್‌ನ ಮೂಲೆ ಮೂಲೆಗೂ ಬರೆಯುತ್ತದೆ. 1 ಟಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಊಟ ಮಾಡಿ ಬನ್ನಿ. ಮುಗಿದ ಮೇಲೆ ಮತ್ತೆ ಸಿ5 ನೋಡಿದೆ. ಆಗಲೂ ಸೊನ್ನೆ. ಎಲ್ಲ ಬರೆಸಿದ ಮೇಲೂ ಸೊನ್ನೆ ಇದ್ದರೆ ಆ ಡಿಸ್ಕ್ ಇನ್ನಷ್ಟು ದಿನ ದುಡಿಯುತ್ತದೆ ಅಂತ ನನ್ನ ಲೆಕ್ಕ.

ಡಿಸ್ಕ್‌ಗಿಂತ ಜಾಸ್ತಿ ಕಾಡಿದ್ದು ಅದರೊಳಗಿನ ಫೈಲ್‌ಗಳು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಗೋಜಲು. ಅವು ಯುನಿಕೋಡ್‌ಗೆ (ಎಲ್ಲ ಮಷಿನ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಮುಂಚಿನ ಫಾಂಟ್‌ನಲ್ಲಿ ಟೈಪ್ ಮಾಡಿದವು. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್‌ಗಳನ್ನು ಹಾಕಿದ ಕೂಡಲೇ ಅಕ್ಷರ ಸರಿಯಾಗಿ ಕಂಡವು. ಹಳೇ ಪುಟವಿನ್ಯಾಸ ಪ್ರೋಗ್ರಾಂ ಪೇಜ್‌ಮೇಕರ್‌ನ ಫೈಲ್‌ಗಳದ್ದು ಇನ್ನೊಂದು ಪಾಡು. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಅವನ್ನು ತೆರೆಯುತ್ತಿದ್ದದ್ದು ಸಿಎಸ್6 ಆವೃತ್ತಿಯವರೆಗೆ ಮಾತ್ರ. ಹಾಗಾಗಿ ಮುಖ್ಯವಾದ ಹಳೇ ಕೆಲಸಗಳ ಪಿಡಿಎಫ್ ಮಾಡಿಟ್ಟೆ. ನಿಮ್ಮ ಹಳೇ ಮಷಿನ್ ಇನ್ನೂ ನಡೆಯುತ್ತಿದ್ದರೆ ಬಿಚ್ಚುವ ಮೊದಲೇ ಈ ಕೆಲಸ ಮುಗಿಸಿ.

ಈಗ ಹಳೇ ಡಿಸ್ಕ್‌ನಲ್ಲಿ ಮುಗಿದ ಕೆಲಸಗಳು, ಸ್ಕ್ಯಾನ್‌ಗಳು, ಫೋನಿನ ಫೋಟೋಗಳಿವೆ. ಎಲ್ಲದಕ್ಕೂ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇದೆ. ಹೊತ್ತು ಬಿಟ್ಟು ಡಿ ಡ್ರೈವ್ (ಅದೇ ಹಳೇ ಡಿಸ್ಕ್) ತೆರೆದರೆ ಒಂದು ಕ್ಷಣ ತಡೆದು ಗುಂಯ್ ಅನ್ನುತ್ತದೆ. ಅದು ಕೆಟ್ಟಿದ್ದಲ್ಲ, ಪವರ್ ಸೆಟ್ಟಿಂಗ್‌ನಲ್ಲಿ 20 ನಿಮಿಷಕ್ಕೆ ಡಿಸ್ಕ್ ನಿಲ್ಲಿಸು ಅಂತ ಇರುತ್ತದೆ. ಕಿರಿಕಿರಿ ಆದರೆ ಆ ಅವಧಿ ಜಾಸ್ತಿ ಮಾಡಿಕೊಳ್ಳಿ.

ನಿಮ್ಮದು ಇನ್ನೂ ಹಳೇದು, ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕ್ ಆಗಿದ್ದರೆ ಹೊಸ ಬೋರ್ಡಿನಲ್ಲಿ ಅದಕ್ಕೆ ಪೋರ್ಟ್ ಇರುವುದಿಲ್ಲ. ಪ್ರತ್ಯೇಕ ಪವರ್ ಅಡಾಪ್ಟರ್ ಇರುವ ಯುಎಸ್‌ಬಿ ಕನ್ವರ್ಟರ್ ಕೊಂಡು, ಡಿಸ್ಕ್ ಹಿಂಭಾಗದ ಜಂಪರ್ (ಪಿನ್‌ಗಳ ಮೇಲಿನ ಪುಟ್ಟ ಕ್ಯಾಪ್) "ಮಾಸ್ಟರ್" ಜಾಗದಲ್ಲಿದೆಯೇ ನೋಡಿ, ಫೈಲ್ ತೆಗೆದುಕೊಳ್ಳಿ. ಒಳಗೆ ಕೂರಿಸುವ ಆಸೆ ಬಿಡಿ.