ದೂರಕ್ಕೆ ದಾರ ಸಾಕು, ಹೊತ್ತಿಗೆ ಗಾಳಿ ನೋಡಬೇಕು

ಎರಡು ಊರುಗಳ ನಡುವಿನ ವಿಮಾನದ ದೂರ ತಿಳಿಯಲು ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಡಬೇಡಿ. ನಕ್ಷೆ ಚಪ್ಪಟೆ, ಭೂಮಿ ಗುಂಡಗೆ. ಬೀಜಿಂಗ್ ಮತ್ತು ನ್ಯೂಯಾರ್ಕ್ ಎರಡೂ ಹೆಚ್ಚುಕಮ್ಮಿ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆ ಅಡ್ಡಗೆರೆ ಹಿಡಿದೇ ಹಾರಿದರೆ ದೂರ 14,000 ಕಿ.ಮೀ. ದಾಟುತ್ತದೆ. ಉತ್ತರ ಧ್ರುವದ ಹತ್ತಿರದಿಂದ ಹಾದರೆ ಸುಮಾರು 11,000 ಕಿ.ಮೀ. ಅಷ್ಟೆ.

ಹಾಗಾಗಿ ಒಂದು ಗ್ಲೋಬ್, ಒಂದು ದಾರ ತೆಗೆದುಕೊಳ್ಳಿ. ಮೊದಲು ಸಮಭಾಜಕದ ಗೆರೆಗೆ ದಾರ ಸುತ್ತಿ ಅಳೆಯಿರಿ. ಅಷ್ಟುದ್ದ ಅಂದರೆ ಸುಮಾರು 40,000 ಕಿ.ಮೀ. ದಾರ 80 ಸೆಂ.ಮೀ. ಬಂದರೆ, 1 ಸೆಂ.ಮೀ.ಗೆ 500 ಕಿ.ಮೀ. ಲೆಕ್ಕ. ಈಗ ಲಂಡನ್‌ನಿಂದ ನ್ಯೂಯಾರ್ಕ್‌ಗೆ ದಾರವನ್ನು ಬಿಗಿಯಾಗಿ ಎಳೆಯಿರಿ. 11 ಸೆಂ.ಮೀ.ಗಿಂತ ಒಂಚೂರು ಜಾಸ್ತಿ ಬರುತ್ತದೆ. ನಿಜವಾದ ದೂರ ಸುಮಾರು 5,570 ಕಿ.ಮೀ. ದಾರದ ಅಳತೆಗೆ ಇದು ಪರವಾಗಿಲ್ಲ, ಅಲ್ವಾ?

ಇನ್ನು ಹೊತ್ತು. ದೊಡ್ಡ ಜೆಟ್ ವಿಮಾನ ಗಂಟೆಗೆ 800ರಿಂದ 900 ಕಿ.ಮೀ. ವೇಗದಲ್ಲಿ ಹಾರುತ್ತದೆ. 5,570ನ್ನು 850ರಿಂದ ಭಾಗಿಸಿದರೆ ಆರೂವರೆ ಗಂಟೆ. ಏರಲು, ಇಳಿಯಲು ವೇಗ ಕಡಿಮೆ ಇರುತ್ತದೆ; ಅದಕ್ಕೆ ಅರ್ಧ ಗಂಟೆ ಸೇರಿಸಿ. ಒಟ್ಟು ಏಳು. ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ವಿಮಾನವಾದರೆ ಗಂಟೆಗೆ 500 ಕಿ.ಮೀ. ಆಸುಪಾಸು ಹಿಡಿಯಿರಿ.

ಲೆಕ್ಕ ಕೆಡುವುದೇ ಗಾಳಿಯಿಂದ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತದೆ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ವೇಗದ ಗಾಳಿ ಇದೆ ಅಂತ ಇಟ್ಟುಕೊಳ್ಳಿ. ನ್ಯೂಯಾರ್ಕ್‌ಗೆ ಹೋಗುವಾಗ ಅದು ಎದುರಿಗೆ, 850ರಿಂದ 100 ಕಳೆಯಿರಿ. ಲಂಡನ್‌ಗೆ ಬರುವಾಗ ಬೆನ್ನಿಗೆ, 100 ಕೂಡಿಸಿ. ಒಂದೇ ದಾರಿ, ಆದರೂ ಒಂದೂವರೆ ಗಂಟೆಯ ವ್ಯತ್ಯಾಸ! 2020ರ ಫೆಬ್ರುವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿದಿತ್ತು.

ಸುತ್ತು ದಾರಿಯನ್ನೂ ಮರೆಯಬೇಡಿ. 2022ರಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ, ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಫಿನ್‌ಏರ್ ವಿಮಾನದ ಪ್ರಯಾಣ ಒಂಬತ್ತೂವರೆ ಗಂಟೆಯಿಂದ ಸುಮಾರು 13 ಗಂಟೆಗೆ ಏರಿತು. ಊರುಗಳು ಇದ್ದಲ್ಲೇ ಇವೆ, ದಾರಿ ಮಾತ್ರ ಉದ್ದವಾಯಿತು.

ಕೊನೆಗೆ ಟಿಕೆಟ್. ಅದರಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ನ್ಯೂಯಾರ್ಕ್ ಬಿಡುವುದು ರಾತ್ರಿ 8ಕ್ಕೆ, ಲಂಡನ್ ಸೇರುವುದು ಬೆಳಿಗ್ಗೆ 8ಕ್ಕೆ ಅಂತಿದ್ದರೆ ಸುಮ್ನೆ 12 ಗಂಟೆ ಅಂದುಕೊಳ್ಳಬೇಡಿ. ಲಂಡನ್ ಗಡಿಯಾರ 5 ಗಂಟೆ ಮುಂದೆ, ಹಾಗಾಗಿ ಪ್ರಯಾಣ 7 ಗಂಟೆ. ಇದರಲ್ಲೂ ವಿಮಾನ ನೆಲದ ಮೇಲೆ ಉರುಳುವ ಹೊತ್ತು ಸೇರಿದೆ. ಮಾರ್ಚ್‌ನಲ್ಲಿ ಟಿಕೆಟ್ ಇದ್ದರೆ ಇನ್ನೊಮ್ಮೆ ನೋಡಿ: ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿ ಎರಡೂ ಕಡೆ ಇದೆ, ಆದರೆ ಅಮೆರಿಕದವರು ಬ್ರಿಟನ್ನಿನವರಿಗಿಂತ ಮೊದಲೇ ತಿರುಗಿಸುತ್ತಾರೆ. ಆ ಕೆಲವು ವಾರ ಕಳೆಯಬೇಕಾದ್ದು 5 ಅಲ್ಲ, 4.